ಕಾಲು ಜಾಡಿಸಲಿಲ್ಲವೇ? ಪೆಟ್ಟು ಬಿದ್ದ ಜಾಗ ನೋಡಿ

ಹತ್ತನೇ ತರಗತಿಯಲ್ಲಿ ಪರಾವರ್ತಿತ ಪ್ರತಿಕ್ರಿಯೆಯ (ರಿಫ್ಲೆಕ್ಸ್: ಮಂಡಿಯ ಕೆಳಗೆ ತಟ್ಟಿದರೆ ಕಾಲು ತಾನಾಗಿ ಜಾಡಿಸುವಂಥದ್ದು) ಪಾಠ ಬಂತೆಂದರೆ ಮಕ್ಕಳು ಒಬ್ಬರ ಮಂಡಿಗೆ ಇನ್ನೊಬ್ಬರು ಗುದ್ದಿ ನೋಡುತ್ತಾರೆ. ಬಹುಪಾಲು ಏನೂ ಆಗುವುದಿಲ್ಲ, ನೋವೊಂದು ಬಿಟ್ಟು. ನರ್ಸಿಂಗ್, ಫಿಸಿಯೊಥೆರಪಿ ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲೂ ಇದೇ ಪಾಡು: ಚಿಪ್ಪಿನ ಮೇಲೆ ಟಕ್ಕೆಂದು ಬಡಿದು, ಕಾಲು ಅಲ್ಲಾಡದಿದ್ದರೆ ‘ರಿಫ್ಲೆಕ್ಸ್ ಇಲ್ಲ’ ಎಂದು ಬರೆದು ಮುಗಿಸುತ್ತಾರೆ. ಇಲ್ಲದಿರುವುದು ರಿಫ್ಲೆಕ್ಸ್ ಅಲ್ಲ, ಪೆಟ್ಟಿನ ಗುರಿ.

ಕೂರಿಸುವುದು: ಪಾದ ನೆಲಕ್ಕೆ ತಾಗದಷ್ಟು ಎತ್ತರದ ಮೇಜು ಅಥವಾ ಮಂಚದ ಅಂಚಿನಲ್ಲಿ ಕೂರಿಸಿ, ಕಾಲು ಜೋತುಬಿಡಲು ಹೇಳಿ. ಬಿಗಿ ಜೀನ್ಸ್‌ ಮೇಲೆ ಪರೀಕ್ಷೆ ಬೇಡ. ಮಂಡಿ, ತೊಡೆ ಎರಡೂ ಕಾಣಬೇಕು.

ಜಾಗ ಹುಡುಕುವುದು: ಎಲ್ಲರೂ ಎಡವುವುದು ಇಲ್ಲಿ. ಮಂಡಿಚಿಪ್ಪಿನ ಕೆಳ ಅಂಚನ್ನು ಹೆಬ್ಬೆರಳಿನಿಂದ ಗುರುತಿಸಿ. ಅಲ್ಲಿಂದ ಬೆರಳನ್ನು ಕೆಳಕ್ಕೆ ಜಾರಿಸಿದರೆ ಕಣಕಾಲಿನ ಎಲುಬಿನ ಮುಂದೆ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಈ ಎರಡರ ನಡುವೆ, ಎಡಬಲಕ್ಕೆ ಸಣ್ಣ ತಗ್ಗುಗಳಿದ್ದು ಮಧ್ಯದಲ್ಲಿ ಪಟ್ಟಿಯಂತೆ ಇಳಿಯುವುದೇ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿ. ಅನುಮಾನವಿದ್ದರೆ ಕಾಲನ್ನು ತುಸು ಮುಂದಕ್ಕೆ ಚಾಚಿಸಿ: ಪಟ್ಟಿ ನಿಮ್ಮ ಬೆರಳಡಿಯಲ್ಲಿ ಬಿಗಿಯುತ್ತದೆ. ಮತ್ತೆ ಸಡಿಲ ಬಿಡಿಸಿ, ಅದರ ನಡುಮಧ್ಯಕ್ಕೆ ಹೊಡೆಯಿರಿ. ದಪ್ಪ ಕಾಲಿನಲ್ಲಿ ಪಟ್ಟಿ ಸಿಗದಿದ್ದರೆ ನಿಮ್ಮ ಹೆಬ್ಬೆರಳನ್ನು ಆ ಜಾಗದ ಮೇಲೆ ಒತ್ತಿಟ್ಟು, ಬೆರಳಿನ ಮೇಲೇ ಹೊಡೆಯಿರಿ. ಪೆಟ್ಟು ಅತಿಯಾದರೆ ಮೊದಲು ಗೊತ್ತಾಗುವುದೂ ನಿಮಗೇ.

ಪೆಟ್ಟು: ರಿಫ್ಲೆಕ್ಸ್ ಪರೀಕ್ಷೆಯ ರಬ್ಬರ್ ಸುತ್ತಿಗೆಯ ಹಿಡಿಯನ್ನು ತುದಿಯಲ್ಲಿ, ಎರಡು ಬೆರಳು ಮತ್ತು ಹೆಬ್ಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ. ಮಣಿಕಟ್ಟಿನಿಂದ ಬೀಸಬೇಕು, ಮೊಣಕೈಯಿಂದಲ್ಲ. ಗಂಟೆಯ ನಾಲಗೆ ಬಡಿದು ಹಿಂದಿರುಗುವಂತೆ ತಲೆಭಾಗ ತನ್ನ ತೂಕಕ್ಕೇ ಬಿದ್ದು ಪುಟಿಯಲಿ. ಬಡಿದು ಅಲ್ಲೇ ಒತ್ತಿ ಹಿಡಿದರೆ ರಜ್ಜು ಥಟ್ಟನೆ ಎಳೆಯಲ್ಪಡುವುದಿಲ್ಲ; ಆ ಹಠಾತ್ ಎಳೆತವೇ ಇಲ್ಲಿ ಮುಖ್ಯ. ರಜ್ಜು ಎಳೆದಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತದೆ, ಅದರೊಳಗಿನ ಎಳೆತ ಗುರುತಿಸುವ ಗ್ರಾಹಕಗಳು ಸುದ್ದಿಯನ್ನು ಸೊಂಟದ ಮಟ್ಟದ ನರಬೇರುಗಳ (ಮುಖ್ಯವಾಗಿ 3 ಮತ್ತು 4ನೆಯದು) ಮೂಲಕ ಮಿದುಳುಬಳ್ಳಿಗೆ ಒಯ್ಯುತ್ತವೆ. ಅಲ್ಲಿ ನರಕ್ಕೂ ನರಕ್ಕೂ ನಡುವಿನ ಒಂದೇ ಒಂದು ಸಂಧಿ ದಾಟಿ ಚಾಲಕ ನರಕ್ಕೆ ಆಜ್ಞೆ ಹೋಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಿಗಿದು ಕಾಲು ಜಾಡಿಸುತ್ತದೆ. ತೊಡೆಯ ಹಿಂಭಾಗದ ಸ್ನಾಯುವಿಗೆ ಅದೇ ಹೊತ್ತಿಗೆ ‘ಸುಮ್ಮನಿರು’ ಎಂಬ ಸೂಚನೆಯೂ ಹೋಗುತ್ತದೆ. ಸ್ನಾಯು ಪ್ರತಿಕ್ರಿಯೆ ಶುರುಮಾಡಲು ಸುಮಾರು 20 ಮಿಲಿಸೆಕೆಂಡು ಸಾಕು. ಬೇಕೆಂದೇ ಒದೆಯುವ ಹುಡುಗನಿಗೆ ಇದರ ಹಲವು ಪಟ್ಟು ಸಮಯ ಬೇಕು. ಅವನ ಒದೆತ ತಡವಾಗಿ, ದೊಡ್ಡದಾಗಿ ಬರುತ್ತದೆ.

ಕಣ್ಣು ಪಾದದ ಮೇಲಲ್ಲ, ತೊಡೆಯ ಮೇಲಿರಲಿ. ಇನ್ನೊಂದು ಕೈಯನ್ನು ತೊಡೆಯ ಮೇಲೆ ಹಗುರವಾಗಿ ಇಡಿ. ಪಾದ ಅಲುಗದಿದ್ದರೂ ಸ್ನಾಯು ಅಂಗೈಯಡಿ ಬಿಗಿದುಕೊಂಡರೆ ರಿಫ್ಲೆಕ್ಸ್ ಇದೆ ಎಂದೇ ಲೆಕ್ಕ.

ಸುತ್ತಿಗೆಯ ವಿಷಯ. ತ್ರಿಕೋನ ರಬ್ಬರಿನ ಪುಟ್ಟ ಸುತ್ತಿಗೆ ಅಗ್ಗ, ಆದರೆ ತೂಕ ಸಾಲದೆ ಕುಕ್ಕಬೇಕಾಗುತ್ತದೆ. ಉದ್ದ ಹಿಡಿ, ದುಂಡು ತಲೆಯದನ್ನೇ ಕೊಳ್ಳಿ. ಹಿಡಿಯೊಳಗೆ (ಚುಚ್ಚಿ ಸಂವೇದನೆ ನೋಡಲು) ಸೂಜಿ ಅಡಗಿಸಿಟ್ಟು ಮಾರುವ ಸುತ್ತಿಗೆಗಳಲ್ಲಿ ಆ ಸೂಜಿಯನ್ನು ತೆಗೆದು ಎಸೆಯಿರಿ; ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚುವಂತಿಲ್ಲ. ಶಾಲೆಯಲ್ಲಿ ಸುತ್ತಿಗೆ ಇಲ್ಲವೇ? ಕಿರುಬೆರಳಿನ ಕಡೆಯ ಅಂಗೈ ಅಂಚು ಸಾಕು. ಸ್ಟೆತೊಸ್ಕೋಪಿನ ತಲೆಯಿಂದ ತಟ್ಟುವುದು ವಾರ್ಡಿನ ಸೋಮಾರಿ ಅಭ್ಯಾಸ, ಕಲಿಯಬೇಡಿ.

ಆದರೂ ಬರಲಿಲ್ಲವೇ? ಎರಡೂ ಕೈಬೆರಳುಗಳನ್ನು ಕೊಕ್ಕೆ ಹಾಕಿಸಿ ಎದೆಯ ಮುಂದೆ ಜೋರಾಗಿ ಎಳೆಯಲು ಹೇಳಿ. ಹಂಗೇರಿಯ ವೈದ್ಯ ಎರ್ನೊ ಯೆಂಡ್ರಾಸಿಕ್ 1885ರಲ್ಲಿ ವಿವರಿಸಿದ ಉಪಾಯವಿದು. ಇಲ್ಲೂ ಒಂದು ಎಡವಟ್ಟು ಸಾಮಾನ್ಯ: ಮೊದಲು ಎಳೆಸಿ, ಆಮೇಲೆ ಜಾಗ ಹುಡುಕುತ್ತ ಕೂರುವುದು. ಎಳೆತದ ಪ್ರಭಾವ ಬೇಗ ಇಳಿದುಹೋಗುತ್ತದೆ. ಸುತ್ತಿಗೆ ಸಿದ್ಧವಿಟ್ಟುಕೊಂಡು ‘ಎಳೀರಿ’ ಎನ್ನಿ, ಎಳೆದ ಕೂಡಲೇ ಹೊಡೆಯಿರಿ. ಹೀಗೆ ಬಂದರೆ ಅದನ್ನು ಹಾಳೆಯಲ್ಲಿ ನಮೂದಿಸಿ. ಇದನ್ನು ಮಾಡಿ ನೋಡದೆ ಸೊನ್ನೆ ಬರೆಯಬಾರದು.

ಅಂಕ: 0ಯಿಂದ (ಪ್ರತಿಕ್ರಿಯೆ ಇಲ್ಲ) 4ರವರೆಗೆ (ಅತಿ ಚುರುಕು), 2 ಸಹಜ. ಎರಡೂ ಕಾಲಲ್ಲಿ ಸಮನಾಗಿ 1 ಅಥವಾ 3 ಬಂದರೆ, ಬೇರೆ ಲಕ್ಷಣವಿಲ್ಲದಿದ್ದಲ್ಲಿ, ಗಾಬರಿ ಬೇಡ. ಒಂದು ಕಾಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡರೆ ಮಾತ್ರ, ಎರಡೂ ಕಡೆ ಪೆಟ್ಟು ಒಂದೇ ಜಾಗಕ್ಕೆ, ಒಂದೇ ತೂಕದಲ್ಲಿ ಬಿತ್ತೇ ಎಂದು ಮತ್ತೆ ನೋಡಿ. ಆಮೇಲೂ ವ್ಯತ್ಯಾಸ ಉಳಿದರೆ ವೈದ್ಯರಿಗೆ ತೋರಿಸಿ. ಮಂಡಿ ಊದಿದ್ದರೆ, ಗಾಯವಿದ್ದರೆ, ಹೊಸದಾಗಿ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಕಾಲನ್ನು ಮುಟ್ಟಬೇಡಿ.

ಕೂರಲಾಗದವರನ್ನು ಅಂಗಾತ ಮಲಗಿಸಿ, ನಿಮ್ಮ ತೋಳನ್ನು ಎರಡೂ ಮಂಡಿಗಳಡಿ ತೂರಿಸಿ ತುಸು ಎತ್ತಿಕೊಳ್ಳಿ. ಹಿಮ್ಮಡಿ ಹಾಸಿಗೆಗೆ ತಾಗಿರಲಿ, ಕಾಲಿನ ಪೂರ್ತಿ ಭಾರ ನಿಮ್ಮ ತೋಳಿನ ಮೇಲೆ ಬೀಳಲಿ. ಭಾರ ಬೀಳದಿದ್ದರೆ ಅವರಿನ್ನೂ ಸ್ನಾಯು ಬಿಗಿಹಿಡಿದಿದ್ದಾರೆ. ಊಟ ಆಯಿತೇ, ಊರು ಯಾವುದು ಎಂದು ಮಾತಿಗೆಳೆದು ಹೊಡೆಯಿರಿ.