ಕಾಗುಣಿತದ ಹೆಸರು ಹಿಡಿದು ಫಾಂಟ್ ಮಾಡಿದ್ದು

ಕನ್ನಡ ಫಾಂಟ್ ಮಾಡಲು ಕೂತಾಗ ನಾನು ಮೊದಲು ಅಕ್ಷರ ಬಿಡಿಸಲಿಲ್ಲ. ಕಾಗುಣಿತದ ಗುರುತುಗಳ ಹೆಸರು ಬರೆದುಕೊಂಡೆ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ, ಐತ್ವ, ದೀರ್ಘ. ಶಾಲೆಯಲ್ಲಿ ‘ಕ ಕೊಂಬಿನ ಇಳಿ ಕೂ’ ಅಂತ ರಾಗವಾಗಿ ಹೇಳುತ್ತಿದ್ದೆವಲ್ಲ, ಅಕ್ಷರ ಜೋಡಿಸುವ ಕ್ರಮ ಪೂರ್ತಿ ಅದರಲ್ಲೇ ಇದೆ. ಗುಡಿಸಿಗೆ ದೀರ್ಘ ಕೊಟ್ಟರೆ ಕೀ. ಎತ್ವಕ್ಕೆ ಅದೇ ದೀರ್ಘ ಕೊಟ್ಟರೆ ಕೇ. ಎತ್ವದ ಜೊತೆ ಕೊಂಬಿನ ಇಳಿ ಬಂದರೆ ಕೊ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್ ಕೂಡ ಇವನ್ನು ಹೀಗೇ ಬಿಡಿಬಿಡಿಯಾಗಿ ಒಡೆಯುತ್ತದೆ, ದೀರ್ಘಕ್ಕೆ ಅಲ್ಲಿ ಬೇರೆಯೇ ಸಂಕೇತವಿದೆ. ಹಾಗಾಗಿ ಒಂದು ದೀರ್ಘವನ್ನು ಚೆನ್ನಾಗಿ ತಿದ್ದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಬಳಸಿದೆ.

ಜಾಸ್ತಿ ಹೊತ್ತು ಹಿಡಿದದ್ದು ತಲೆಕಟ್ಟು. ಕಿ, ಕೆ ಬರೆಯುವಾಗ ಅದು ಹೋಗಿ ಆ ಜಾಗಕ್ಕೆ ಗುಡಿಸೋ ಎತ್ವವೋ ಬರಬೇಕು. ಜ, ಟ, ಣ, ಬ, ಲ ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ಮ, ಯ ಬರೆಯುವಾಗ ಅದು ಎಡಭಾಗದ ಮೇಲೆ ಮಾತ್ರ ಕೂರುತ್ತದೆ.

ಇವೆಲ್ಲ ಎಲ್ಲಿಂದ ಬಂದವು ಅಂತ ತಿಳಿಯಲು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ಲಿಪಿಯನ್ನು ಮುಂದಿಟ್ಟುಕೊಂಡೆ. ಕ್ರಿ.ಪೂ. 3ನೇ ಶತಮಾನದ ಅಶೋಕನ ಬ್ರಾಹ್ಮಿ ಅದು. ಅಲ್ಲಿ ಕ ಅಂದರೆ ಬರೀ ಕೂಡಿಸುವ ಚಿಹ್ನೆ, ತಲೆಕಟ್ಟಿಲ್ಲ. ಬ್ರಾಹ್ಮಿಯಲ್ಲಿ ಬಲಕ್ಕೊಂದು ಚಿಕ್ಕ ಗೀಟು ಎಳೆದರೆ ಆ, ಎಡಕ್ಕೆ ಎಳೆದರೆ ಏ, ಎರಡೂ ಕಡೆ ಎಳೆದರೆ ಓ. ಎಷ್ಟು ಚೊಕ್ಕ ಅಲ್ವಾ! ಉಕಾರದ ಗೀಟು ಅಕ್ಷರದ ಬುಡದಲ್ಲಿತ್ತು. ಅದೇ ಬರ್ತಾ ಬರ್ತಾ ಬಲಕ್ಕೆ ಬಾಗಿ, ಮೇಲೆದ್ದು, ನಮ್ಮ ಕೊಂಬಾಯಿತು.

ಇದು ಗೊತ್ತಾದ ಮೇಲೆ ಪು, ವು ಬಿಡಿಸುವುದು ಸಲೀಸಾಯಿತು. ಇವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ವಕಾರಕ್ಕೆ ಮಾಮೂಲಿ ಜಾಗದಲ್ಲಿ ಕೊಂಬು ಕೊಟ್ಟರೆ ಅದು ಮ ಆಗಿಬಿಡುತ್ತದೆ. ಕೆಲವು ಫಾಂಟ್‌ಗಳಲ್ಲಿ ಕೊಂಬು ಕೆಳಗಿಳಿಯುವ ಈ ಭಾಗ ತೀರಾ ಕಿರಿದು, ಸಣ್ಣ ಅಕ್ಷರದಲ್ಲಿ ಓದುವವರ ಕಣ್ಣಿಗೆ ಕಷ್ಟ. ನಾನು ಅದನ್ನು ಬೇಕೆಂದೇ ಉದ್ದ ಎಳೆದೆ.

ಕೊನೆಗೆ ಉಳಿದದ್ದು ಅರ್ಕಾವೊತ್ತು. ‘ಸೂರ್ಯ’ ಎನ್ನುವಾಗ ರ್ ಮೊದಲು ಕೇಳಿಸುತ್ತದೆ, ಬರೆಯುವುದು ಮಾತ್ರ ಯಕಾರದ ಬಲಕ್ಕೆ. ಅದಕ್ಕೂ ಕನ್ನಡದ ೯ ಅಂಕಿಗೂ ರೂಪ ಹೆಚ್ಚುಕಡಿಮೆ ಒಂದೇ. ಅದಕ್ಕೇ ೯ರ ಸುಳಿಯನ್ನು ದೊಡ್ಡದು ಮಾಡಿ, ಅರ್ಕಾವೊತ್ತಿನ ಬಾಲವನ್ನು ಹಿಂದಿನ ಅಕ್ಷರಕ್ಕೆ ಹತ್ತಿರ ತಂದೆ.