ಸಾಗಣೆ ನಿರ್ವಹಣಾ ಸಾಫ್ಟ್‌ವೇರ್ ಹಾಕಿಸಿದರೆ ಟ್ರಿಪ್ಪಿಗೆ ಎಷ್ಟು ಬೀಳುತ್ತದೆ? ದಾವಣಗೆರೆ, ಚಿತ್ರದುರ್ಗದ ಗಿರಣಿ ಮತ್ತು ಮಂಡಿಗಳಿಗೆ ಲೆಕ್ಕ ಹಾಕುವ ಕ್ರಮ

ದಾವಣಗೆರೆಯ ಅಕ್ಕಿ ಗಿರಣಿಗಳು, ಚಳ್ಳಕೆರೆಯ ಎಣ್ಣೆ ಗಿರಣಿಗಳು, ಚನ್ನಗಿರಿಯ ಅಡಿಕೆ ಮಂಡಿಗಳು, ಚಿತ್ರದುರ್ಗದ ಸುತ್ತಿನ ಮೆಕ್ಕೆಜೋಳದ ವರ್ತಕರು, ಇವರಲ್ಲಿ ಹೆಚ್ಚಿನವರು ಸರಕು ಕಳುಹಿಸುವುದು ಬಾಡಿಗೆ ಲಾರಿಯಲ್ಲಿ. ಸರಕು ಸಿದ್ಧವಾದ ದಿನ ಲಾರಿ ಆಫೀಸಿಗೆ ಫೋನು ಮಾಡಿ ಬಾಡಿಗೆ ಮಾತಾಡುತ್ತಾರೆ. ಲಾರಿ ಬಂದ ಮೇಲೆ ಖಾಲಿ ತೂಕವನ್ನೂ ಲೋಡಾದ ತೂಕವನ್ನೂ ವೇಬ್ರಿಡ್ಜ್‌ನಲ್ಲಿ ಹಿಡಿಯುತ್ತಾರೆ. ಬಿಲ್ಲು, ಎಲ್‌ಆರ್ (ಸರಕಿನ ಲಾರಿ ರಸೀದಿ), ಬೇಕಿದ್ದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಜಿಎಸ್‌ಟಿ ದಾಖಲೆ) ಸಿದ್ಧಪಡಿಸಿ, ಅಡ್ವಾನ್ಸ್ ಕೊಟ್ಟು ಕಳುಹಿಸುತ್ತಾರೆ. ಸರಕು ಮುಟ್ಟಿ, ಸಹಿ ಬಿದ್ದ ಎಲ್‌ಆರ್ ಪ್ರತಿ ವಾಪಸ್ ಬಂದ ಬಳಿಕ ಬಾಕಿ ಬಾಡಿಗೆ ಚುಕ್ತಾ ಮಾಡುತ್ತಾರೆ. ಈ ಸರಪಳಿಯ ಪ್ರತಿ ಕೊಂಡಿಯನ್ನೂ ಒಂದೇ ಕಡೆ ದಾಖಲಿಸಿ ತೋರಿಸುವುದೇ ಸಾಗಣೆ ನಿರ್ವಹಣಾ ಸಾಫ್ಟ್‌ವೇರ್. ಮಾರುವವರು ಇದನ್ನು ಟಿಎಂಎಸ್ ಎನ್ನುತ್ತಾರೆ.

ಹರಿಹರ ರಸ್ತೆಯ ಗಿರಣಿಯೊಂದರಲ್ಲಿ ಹಲವು ವರ್ಷ ಡಿಸ್ಪ್ಯಾಚ್ ಮೇಜು ನೋಡಿಕೊಂಡು, ಅಲ್ಲಿಗೆ ಇಂಥ ಸಾಫ್ಟ್‌ವೇರ್ ತರುವ ಕೆಲಸವನ್ನೂ ಮಾಡಿದ ನಾನು ಕಂಡುಕೊಂಡದ್ದು ಇಷ್ಟು: ಕೊಟೇಶನ್ನಿನ ಮೊದಲ ಸಾಲಿನಲ್ಲಿರುವ ದರ ಒಟ್ಟು ಖರ್ಚಿನ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ, ಉಳಿದದ್ದು ಕೆಲಸ ಶುರುವಾದ ಮೇಲೆ ಒಂದೊಂದಾಗಿ ಬರುತ್ತದೆ. ಆದ್ದರಿಂದ ತಿಂಗಳ ಬಾಡಿಗೆ ನೋಡಿ ತೀರ್ಮಾನಿಸದೆ, ಮೂರು ವರ್ಷದ ಎಲ್ಲ ಖರ್ಚನ್ನೂ ಕೂಡಿಸಿ, ಮೂರು ವರ್ಷದ ಟ್ರಿಪ್ಪುಗಳಿಂದ ಭಾಗಿಸಿ, ಒಂದು ಟ್ರಿಪ್ಪಿಗೆ ಎಷ್ಟು ಬೀಳುತ್ತದೆ ಎಂದು ಕಂಡುಕೊಳ್ಳಬೇಕು. ಲಾರಿ ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕದಲ್ಲೇ ಯೋಚಿಸಿ ಅಭ್ಯಾಸವಿರುವ ನಮಗೆ ಇದು ಸಹಜವಾದ ಅಳತೆಯೂ ಹೌದು.

ಮಾರುವವರನ್ನು ಕರೆಸುವ ಮೊದಲು ಕಳೆದ ಒಂದು ವರ್ಷದ ಎಲ್‌ಆರ್ ಪುಸ್ತಕಗಳನ್ನು ಹೊರತೆಗೆಯಿರಿ. ತಿಂಗಳಿಗೆ ಎಷ್ಟು ಲಾರಿ ಹೋಗಿವೆ, ಸುಗ್ಗಿಯ ತಿಂಗಳಲ್ಲಿ ಎಷ್ಟು, ಎಷ್ಟು ಲಾರಿ ಆಫೀಸುಗಳ ಮೂಲಕ ಹೋಗಿವೆ, ಎಷ್ಟು ಊರುಗಳಿಗೆ ಹೋಗಿವೆ ಎಂಬ ನಾಲ್ಕು ಲೆಕ್ಕಗಳು ಕೈಯಲ್ಲಿರಬೇಕು. ಸಾಫ್ಟ್‌ವೇರ್ ಕಂಪನಿಗಳು ದರ ಹೇಳುವ ರೀತಿ ಒಂದೇ ಇರುವುದಿಲ್ಲ. ಕೆಲವರು ಬಳಸುವ ಪ್ರತಿ ವ್ಯಕ್ತಿಗೆ ತಿಂಗಳಿಗಿಷ್ಟು ಎನ್ನುತ್ತಾರೆ, ಕೆಲವರು ಟ್ರಿಪ್ಪಿಗಿಷ್ಟು, ಇನ್ನು ಕೆಲವರು ಒಟ್ಟು ಬಾಡಿಗೆಯಲ್ಲಿ ಶೇಕಡಾ ಇಷ್ಟು ಎನ್ನುತ್ತಾರೆ. ಮೆಕ್ಕೆಜೋಳದ ವ್ಯವಹಾರದಂತೆ ಅಕ್ಟೋಬರ್‌ನಿಂದ ಕೆಲವು ತಿಂಗಳು ಮಾತ್ರ ಭರ್ತಿ ಲೋಡಿಂಗ್ ಇದ್ದು ಉಳಿದ ದಿನ ಅಂಗಳ ಖಾಲಿ ಇರುವವರಿಗೆ ಟ್ರಿಪ್ಪಿನ ದರ ಒಳ್ಳೆಯದು, ಆದರೆ ಒಪ್ಪಂದದಲ್ಲಿ ತಿಂಗಳ ಕನಿಷ್ಠ ಮೊತ್ತವೊಂದನ್ನು ಸೇರಿಸಿರುತ್ತಾರೆಯೇ ಎಂದು ನೋಡಬೇಕು. ವರ್ಷವಿಡೀ ಒಂದೇ ಸಮನೆ ಸಾಗಿಸುವ ಗಿರಣಿಗೆ ವ್ಯಕ್ತಿವಾರು ದರ ಅಗ್ಗವಾಗಬಹುದು. ಆದರೆ ಗೇಟಿನಲ್ಲಿ ಕೂರುವವರು, ವೇಬ್ರಿಡ್ಜ್‌ನವರು, ಅಕೌಂಟ್ಸ್‌ನವರು ಎಲ್ಲರನ್ನೂ ಎಣಿಸಿದ ಮೇಲೆ ಆ ಮಾತು ಹೇಳಬೇಕು. ಬಾಡಿಗೆಯ ಶೇಕಡಾವಾರು ದರವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಡೀಸೆಲ್ ಏರಿ ಬಾಡಿಗೆ ಏರಿದಾಗ ಯಾವ ಹೆಚ್ಚಿನ ಕೆಲಸವೂ ಇಲ್ಲದೆ ಸಾಫ್ಟ್‌ವೇರ್ ಖರ್ಚೂ ಅದರ ಜೊತೆಗೆ ಏರುತ್ತದೆ.

ದರಪಟ್ಟಿಯಲ್ಲಿ ಕಾಣದ ಮೊದಲ ದೊಡ್ಡ ಖರ್ಚು ಹಳೆಯ ಮಾಹಿತಿಯನ್ನು ಸ್ವಚ್ಛಗೊಳಿಸುವುದು. ನಮ್ಮ ಗಿರಣಿಯ ಪಾರ್ಟಿಗಳ ಪಟ್ಟಿಯನ್ನು ಲೆಕ್ಕದ ಸಾಫ್ಟ್‌ವೇರ್ ಆದ ಟ್ಯಾಲಿಯಿಂದ ತೆಗೆದು ಎಕ್ಸೆಲ್‌ಗೆ ಹಾಕಿದ ದಿನ ನನಗಿನ್ನೂ ನೆನಪಿದೆ. ಬೆಂಗಳೂರಿನ ಯಶವಂತಪುರ ಒಂದೇ ಊರು ಆರು ಬಗೆಯ ಅಕ್ಷರಗಳಲ್ಲಿ ಇತ್ತು. ಒಬ್ಬರೇ ವರ್ತಕರು ಅಂಗಡಿಯ ಹೆಸರಿನಲ್ಲಿ ಒಮ್ಮೆ, ಮಾಲೀಕರ ಹೆಸರಿನಲ್ಲಿ ಒಮ್ಮೆ, ಮಗನ ಮೊಬೈಲ್ ನಂಬರಿನೊಂದಿಗೆ ಮತ್ತೊಮ್ಮೆ ಇದ್ದರು. ಪಿನ್‌ಕೋಡ್ ಇರಬೇಕಾದ ಕಡೆ "ಬಸ್ ಸ್ಟ್ಯಾಂಡ್ ಹಿಂದೆ" ಎಂದಿತ್ತು. ಇಂಥ ಪಟ್ಟಿಯನ್ನು ಹಾಗೆಯೇ ತುಂಬಿದರೆ ಸಾಫ್ಟ್‌ವೇರ್ ಒಂದು ದಾರಿಗೆ ಆರು ದರ ತೋರಿಸುತ್ತದೆ, ಯಾವ ವರದಿಯೂ ನಂಬಿಕೆಗೆ ಬರುವುದಿಲ್ಲ. ಅದನ್ನು ಸರಿಪಡಿಸಲು ಸಾಫ್ಟ್‌ವೇರ್ ಕಂಪನಿಯವರು ದಿನಕ್ಕಿಷ್ಟು ಎಂದು ಪ್ರತ್ಯೇಕ ಬಿಲ್ಲು ಹಾಕಿದರು, ಮತ್ತು ನಿಜ ಹೇಳಬೇಕೆಂದರೆ ಆ ಕೆಲಸ ಅವರಿಂದ ಆಗುವಂಥದ್ದೂ ಆಗಿರಲಿಲ್ಲ. ಯಾವ ಹೆಸರು ಯಾರದೆಂದು ಬಲ್ಲವರು ನಮ್ಮ ಹಳೆಯ ಗುಮಾಸ್ತರೊಬ್ಬರೇ. ಅವರು ಹದಿನೈದು ದಿನ ಬೇರೆಲ್ಲ ಕೆಲಸ ಬಿಟ್ಟು ಕುಳಿತರು. ಕಂಪನಿಗೆ ಕೊಟ್ಟ ಹಣ ಅಷ್ಟೂ ವ್ಯರ್ಥವಾಯಿತು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನಿಮ್ಮವರಿಂದಲೇ ಈ ಕೆಲಸ ಮುಗಿಸಿಕೊಂಡರೆ ಖರ್ಚು ನಿಮ್ಮ ಗುಮಾಸ್ತರ ಸಂಬಳದಷ್ಟರಲ್ಲೇ ನಿಲ್ಲುತ್ತದೆ.

ಎರಡನೆಯದು ಜೋಡಣೆಯ ಖರ್ಚು. ಟಿಎಂಎಸ್ ಒಂಟಿಯಾಗಿ ನಿಂತರೆ ಒಂದೇ ಬಿಲ್ಲನ್ನು ಎರಡು ಕಡೆ ಟೈಪು ಮಾಡಬೇಕಾಗುತ್ತದೆ, ಆದ್ದರಿಂದ ಅದನ್ನು ಲೆಕ್ಕದ ಸಾಫ್ಟ್‌ವೇರ್, ವೇಬ್ರಿಡ್ಜ್, ಇ-ವೇ ಬಿಲ್ ಪೋರ್ಟಲ್ ಮೂರಕ್ಕೂ ಜೋಡಿಸಬೇಕು. "ಟ್ಯಾಲಿಗೆ ಜೋಡಣೆ ಸೇರಿದೆ" ಎಂದು ಬರೆದುಕೊಟ್ಟರೂ, ನಿಮ್ಮ ಟ್ಯಾಲಿಯಲ್ಲಿ ಸ್ಥಳೀಯ ಪ್ರೋಗ್ರಾಮರ್ ಮಾಡಿಕೊಟ್ಟ ವಿಶೇಷ ಬದಲಾವಣೆಗಳಿದ್ದರೆ ಆ ಮಾತು ಅನ್ವಯಿಸುವುದಿಲ್ಲ ಎಂಬುದು ಆಮೇಲೆ ತಿಳಿಯುತ್ತದೆ. ವೇಬ್ರಿಡ್ಜ್‌ನ ಕಂಪ್ಯೂಟರ್ ಹಳೆಯದಾಗಿದ್ದು ತೂಕದ ಚೀಟಿಯನ್ನು ಪ್ರಿಂಟ್ ಮಾಡುವುದಷ್ಟೇ ಅದಕ್ಕೆ ಗೊತ್ತಿದ್ದರೆ, ಹೊಸ ಕಂಪ್ಯೂಟರ್, ಕೇಬಲ್, ಪ್ರೋಗ್ರಾಮರ್‌ನ ಎರಡು ಮೂರು ಭೇಟಿ ಎಲ್ಲವೂ ನಿಮ್ಮ ಖಾತೆಗೆ ಬೀಳುತ್ತವೆ. ಡೆಮೊ ತೋರಿಸಲು ಬಂದವರನ್ನು ನೇರವಾಗಿ ವೇಬ್ರಿಡ್ಜ್ ಕೋಣೆಗೆ ಕರೆದೊಯ್ದು, ನಿಂತಿರುವ ಒಂದು ಲಾರಿಯ ತೂಕವನ್ನು ಅವರ ಪರದೆಯಲ್ಲಿ ತೋರಿಸಲು ಹೇಳುವುದು ನನ್ನ ಪದ್ಧತಿ. ಅಂದೇ ಆಗದಿದ್ದರೆ ಅದಕ್ಕೆ ಎಷ್ಟು ಖರ್ಚೆಂದು ಬರೆಸಿಕೊಳ್ಳುತ್ತೇನೆ.

ಇ-ವೇ ಬಿಲ್ ಜೋಡಣೆ ಎಲ್ಲರಿಗೂ ಬೇಕಾದದ್ದಲ್ಲ. 50,000 ರೂಪಾಯಿ ಮೀರಿದ ಸರಕಿಗೆ ಇದು ಕಡ್ಡಾಯವಾದರೂ, ತೆರಿಗೆ ವಿನಾಯಿತಿ ಇರುವ ಮೆಕ್ಕೆಜೋಳ ಮತ್ತು ದೊಡ್ಡ ಚೀಲದ ಅಕ್ಕಿಗೆ ಅದರ ಅಗತ್ಯವಿಲ್ಲ. ಅಂಥ ಸರಕನ್ನಷ್ಟೇ ಕಳುಹಿಸುವವರು ಆ ಭಾಗಕ್ಕೆ ಹಣ ಕೊಡಬೇಕಾಗಿಲ್ಲ. ಅಡಿಕೆ, ಖಾದ್ಯ ತೈಲ ಕಳುಹಿಸುವವರಿಗೆ ಮಾತ್ರ ಇದು ಜೀವಾಳ. 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಸಿಗುತ್ತದೆ, ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಬೇಕು. ಉತ್ತರ ಭಾರತಕ್ಕೆ ಹೊರಟ ಅಡಿಕೆ ಲಾರಿ ದಾರಿಯಲ್ಲಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಬದಲಾಯಿಸಿದರೆ ಹೊಸ ಲಾರಿ ನಂಬರನ್ನು ಇ-ವೇ ಬಿಲ್‌ನಲ್ಲಿ ವಾಹನದ ವಿವರ ಇರುವ ಭಾಗ-ಬಿಯಲ್ಲಿ ತುಂಬಬೇಕು. ಈ ವಿಸ್ತರಣೆ ಮತ್ತು ಬದಲಾವಣೆ ಸಾಫ್ಟ್‌ವೇರ್ ಒಳಗಿನಿಂದಲೇ ಆಗುತ್ತದೆಯೇ, ಪ್ರತಿ ಬಾರಿ ಪೋರ್ಟಲ್ ಸಂಪರ್ಕಿಸಿದ್ದಕ್ಕೆ ಪ್ರತ್ಯೇಕ ಶುಲ್ಕವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಮರೆಯಬಾರದು.

ಲಾರಿ ಎಲ್ಲಿದೆ ಎಂದು ನೋಡುವ ಸೌಲಭ್ಯವನ್ನು ಎಲ್ಲರೂ ಮೊದಲು ಕೇಳುತ್ತಾರೆ, ಆದರೆ ಅದರ ಖರ್ಚನ್ನು ಕೊನೆಗೆ ನೋಡುತ್ತಾರೆ. ಸ್ವಂತ ಲಾರಿಗಾದರೆ ಜಿಪಿಎಸ್ ಪೆಟ್ಟಿಗೆ ಕೂಡಿಸಬಹುದು. ಇಂದು ಬಂದು ನಾಳೆ ಬೇರೆಯವರ ಲೋಡಿಗೆ ಹೋಗುವ ಬಾಡಿಗೆ ಲಾರಿಗೆ ಅದು ನಡೆಯುವುದಿಲ್ಲ. ಅಲ್ಲಿ ಇರುವ ದಾರಿಗಳು ಚಾಲಕರ ಸಿಮ್ ಮೂಲಕ ಪತ್ತೆ ಹಚ್ಚುವುದು ಅಥವಾ ಟೋಲ್ ದಾಟಿದಾಗ ಸಿಗುವ ಫಾಸ್ಟ್ಯಾಗ್ ಮಾಹಿತಿ ಬಳಸುವುದು. ಸಿಮ್ ವಿಧಾನಕ್ಕೆ ಸಾಮಾನ್ಯವಾಗಿ ಟ್ರಿಪ್ಪಿಗಿಷ್ಟು ಶುಲ್ಕವಿದ್ದು, ಚಾಲಕರು ಮೆಸೇಜಿಗೆ ಉತ್ತರಿಸಿ ಒಪ್ಪಿಗೆ ಕೊಡಬೇಕು. ಲೋಡಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತ ನಿಂತ ಚಾಲಕರಿಗೆ ಅದೇಕೆಂದು ವಿವರಿಸಿ, ಒಪ್ಪಿಗೆ ಪಡೆಯಲು ನಿಮ್ಮ ಗೇಟಿನವರಿಗೆ ಪ್ರತಿ ಲಾರಿಗೂ ಕೆಲವು ನಿಮಿಷ ಬೇಕು. ಆ ಸಮಯವೂ ಖರ್ಚೇ. ಟೋಲ್ ಮಾಹಿತಿ ಅಗ್ಗ, ರಾಷ್ಟ್ರೀಯ ಹೆದ್ದಾರಿ 48ರಲ್ಲೇ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವ ಲೋಡಿಗೆ ಅಷ್ಟು ಸಾಕೆಂಬುದು ನನ್ನ ಅಭಿಪ್ರಾಯ. ಟೋಲ್ ಇಲ್ಲದ ಒಳದಾರಿಗಳಲ್ಲಿ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದು ಜಿಎಸ್‌ಟಿ. ಸಾಫ್ಟ್‌ವೇರ್ ಸೇವೆಯ ಮೇಲೆ ಶೇ 18 ತೆರಿಗೆ ಇದೆ, ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು) ವಾಪಸ್ ಪಡೆಯಬಹುದೆಂದು ಮಾರುವವರು ಹೇಳುತ್ತಾರೆ. ತೆರಿಗೆ ಇರುವ ಸರಕು ಮಾರುವವರಿಗೆ ಈ ಮಾತು ಸರಿ. ಆದರೆ ವಿನಾಯಿತಿ ಇರುವ ಸರಕು ಮಾರುವವರಿಗೆ ಆ ಕ್ರೆಡಿಟ್ ಸಿಗುವುದಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಇರುವ ಪ್ಯಾಕೆಟ್ ಅಕ್ಕಿಗೆ ಶೇ 5 ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಎರಡನ್ನೂ ಮಾರುವ ಗಿರಣಿಗೆ ವಹಿವಾಟಿನ ಪ್ರಮಾಣದಷ್ಟೇ ಕ್ರೆಡಿಟ್ ದಕ್ಕುತ್ತದೆ. ಬರೀ ಮೆಕ್ಕೆಜೋಳದ ವರ್ತಕರಿಗೆ ಆ ಶೇ 18 ಪೂರ್ತಿ ಕೈಯಿಂದ ಹೋಗುವ ಹಣ. ನಿಮ್ಮ ಆಡಿಟರ್ ಬಳಿ ಈ ಪ್ರಮಾಣವನ್ನು ಕೇಳಿಯೇ ಲೆಕ್ಕಕ್ಕೆ ಕೂರಬೇಕು.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ದರಗಳು ವಿವರಣೆಗಾಗಿ ಊಹಿಸಿಕೊಂಡವು, ನಿಮ್ಮ ಕೊಟೇಶನ್ನಿನ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ. ತಿಂಗಳಿಗೆ 300 ಲಾರಿ ಕಳುಹಿಸುವ ಗಿರಣಿಗೆ ಮೂರು ವರ್ಷದಲ್ಲಿ 10,800 ಟ್ರಿಪ್ಪು ಆಗುತ್ತವೆ. ಟ್ರಿಪ್ಪಿಗೆ 50 ರೂಪಾಯಿ ಸಾಫ್ಟ್‌ವೇರ್ ದರವೆಂದರೆ 5,40,000 ರೂಪಾಯಿ. ಲಾರಿ ಪತ್ತೆಗೆ ಟ್ರಿಪ್ಪಿಗೆ 30 ರೂಪಾಯಿಯಂತೆ 3,24,000. ಆರಂಭಿಕ ಅಳವಡಿಕೆ ಮತ್ತು ತರಬೇತಿಗೆ 2,00,000. ಟ್ಯಾಲಿ ಹಾಗೂ ವೇಬ್ರಿಡ್ಜ್ ಜೋಡಣೆಗೆ 1,50,000. ಎರಡನೆಯ ಮತ್ತು ಮೂರನೆಯ ವರ್ಷ ನೀವು ಕೇಳುವ ಬದಲಾವಣೆಗಳಿಗೆ ಒಟ್ಟು 1,00,000. ಇದು 13,14,000 ಆಯಿತು, ಇದರ ಮೇಲೆ ಶೇ 18 ಜಿಎಸ್‌ಟಿ 2,36,520. ನಿಮ್ಮ ಒಬ್ಬ ಗುಮಾಸ್ತರು ನಾಲ್ಕು ತಿಂಗಳು ಪೂರ್ತಿ ಇದಕ್ಕೇ ಕುಳಿತರೆ 25,000ದಂತೆ 1,00,000. ಹಳೆಯ ಪುಸ್ತಕ ಮತ್ತು ಹೊಸ ಸಾಫ್ಟ್‌ವೇರ್ ಎರಡನ್ನೂ ಜೊತೆಗೆ ನಡೆಸುವ ದಿನಗಳ ಓವರ್‌ಟೈಮ್ 40,000. ಎಲ್ಲ ಕೂಡಿದರೆ 16,90,520 ರೂಪಾಯಿ, ಅಂದರೆ ಟ್ರಿಪ್ಪಿಗೆ ಸುಮಾರು 157. ಜಿಎಸ್‌ಟಿ ಪೂರ್ತಿ ವಾಪಸ್ ಸಿಗುವವರಿಗೆ ಅದು ಸುಮಾರು 135ಕ್ಕೆ ಇಳಿಯುತ್ತದೆ. ಮೊದಲ ಸಾಲಿನಲ್ಲಿ ಕಂಡದ್ದು 50 ಮಾತ್ರ.

157 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದು ನಿಮ್ಮ ಸರಾಸರಿ ಬಾಡಿಗೆಯ ಮೇಲೆ ನಿಂತಿದೆ. ಸರಾಸರಿ 18,000 ಇದ್ದರೆ ಇದು ಶೇ 1ಕ್ಕಿಂತ ಕಡಿಮೆ. ಮಾತಾಡಿದ ದರಕ್ಕಿಂತ ಹೆಚ್ಚು ಬರೆದ ಬಿಲ್ಲುಗಳು, ಎರಡು ಬಾರಿ ಪಾವತಿಯಾದ ಬಾಕಿ, ದಾಖಲೆಯಿಲ್ಲದ ಹಾಲ್ಟಿಂಗ್ ಚಾರ್ಜುಗಳನ್ನು (ಲಾರಿ ಕಾದು ನಿಂತದ್ದಕ್ಕೆ ಕೇಳುವ ಹಣ) ತಡೆದರೆ ಅಷ್ಟು ಹುಟ್ಟಬಹುದು. ಕಳೆದ ವರ್ಷದ ನೂರು ಬಾಡಿಗೆ ಬಿಲ್ಲುಗಳನ್ನು ತೆಗೆದು ಕೈಯಿಂದಲೇ ತಾಳೆ ನೋಡಿ. ಟ್ರಿಪ್ಪಿಗೆ 157 ರೂಪಾಯಿಯಷ್ಟು ಸೋರಿಕೆಯೂ ಸಿಗದಿದ್ದರೆ, ಒಂದು ಒಳ್ಳೆಯ ಎಕ್ಸೆಲ್ ಹಾಳೆ ಇನ್ನೂ ಕೆಲವು ವರ್ಷ ನಿಮಗೆ ಸಾಕು.

ಒಪ್ಪಂದದಲ್ಲಿ ಎರಡು ವಿಷಯ ಬರಹದಲ್ಲಿರಲಿ: ನವೀಕರಣದ ವೇಳೆ ದರ ಎಷ್ಟರವರೆಗೆ ಏರಬಹುದು, ಬಿಟ್ಟು ಹೋಗುವಾಗ ನಿಮ್ಮ ಟ್ರಿಪ್ಪುಗಳ ಮಾಹಿತಿಯೆಲ್ಲ ಎಕ್ಸೆಲ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆಯೇ. ಆರಂಭಿಕ ಶುಲ್ಕವನ್ನು ಒಂದೇ ಸಲ ಕೊಡದೆ, ಮೂರನೇ ಒಂದು ಭಾಗವನ್ನಾದರೂ ನಿಮ್ಮ ಗೇಟಿನಿಂದ ಸತತ ಒಂದು ತಿಂಗಳು ಎಲ್ಲ ಲಾರಿಗಳೂ ಸಾಫ್ಟ್‌ವೇರ್ ಮೂಲಕವೇ ಹೊರಟ ಬಳಿಕ ಕೊಡುವಂತೆ ಇಟ್ಟುಕೊಳ್ಳಿ. ಆ ತಿಂಗಳನ್ನು ನೀವೇ ಆರಿಸಬೇಕು. ಭದ್ರಾ ಅಚ್ಚುಕಟ್ಟಿನ ಭತ್ತ, ಮೆಕ್ಕೆಜೋಳ ಎರಡೂ ಒಟ್ಟಿಗೆ ಬರುವ ನವೆಂಬರ್‌ನಲ್ಲಿ ಗೇಟಿನ ಮುಂದೆ ಲಾರಿಗಳ ಸಾಲು ನಿಂತಿರುವಾಗ ಹೊಸ ಪರದೆ ಕಲಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಗುಮಾಸ್ತರು ಎರಡನೇ ದಿನವೇ ಕಾರ್ಬನ್ ಹಾಕಿದ ಎಲ್‌ಆರ್ ಪುಸ್ತಕಕ್ಕೆ ಮರಳುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಲೋಡಿಂಗ್ ತಗ್ಗಿರುವಾಗ ಶುರು ಮಾಡಿದರೆ ಸುಗ್ಗಿ ಬರುವಷ್ಟರಲ್ಲಿ ಕೈ ಪಳಗಿರುತ್ತದೆ.