ಎಸ್‌ಎಂ.82: ಹೊಟ್ಟೆಯಿಂದ ಆರಂಭಿಸಿ ಕಟ್ಟಿದ ವಿಮಾನ

ಸವೋಯಾ-ಮಾರ್ಕೆಟ್ಟಿ ಎಸ್‌ಎಂ.82 ವಿಮಾನವನ್ನು ಇಟಲಿಯವರು ‘ಕಾಂಗುರೊ’, ಅಂದರೆ ಕಾಂಗರೂ ಎಂದು ಕರೆಯುತ್ತಿದ್ದರು. ಆಳವಾಗಿ ಕೆಳಕ್ಕೆ ಇಳಿದ ಅದರ ಒಡಲನ್ನು ಒಮ್ಮೆ ನೋಡಿದವರಿಗೆ ಆ ಹೆಸರನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎಸ್‌ಎಂ.75 ಎಂಬ ಪ್ರಯಾಣಿಕ ವಿಮಾನವನ್ನು ಆಧಾರವಾಗಿಟ್ಟುಕೊಂಡು, ಒಡಲನ್ನು ಹಿರಿದಾಗಿಸಿ, ರೆಕ್ಕೆಯನ್ನು ಅದರ ನಡುಮಟ್ಟಕ್ಕೆ ಏರಿಸಿ ಇದನ್ನು ರೂಪಿಸಿದರು. 1940ರಲ್ಲಿ ಸೇವೆಗೆ ಬಂದ ಈ ಮೂರು ಎಂಜಿನ್‌ಗಳ ವಿಮಾನ ಯುದ್ಧಕಾಲದ ಇಟಲಿಯ ಸಾಗಣೆಗೆ ಬೆನ್ನೆಲುಬಾಯಿತು. ಇದರ 1:72 ಅಳತೆಯ ಮಾದರಿಯನ್ನು ಕಿಟ್ಟಿನ (ಸಿದ್ಧ ಬಿಡಿಭಾಗಗಳ ಪೆಟ್ಟಿಗೆಯ) ನೆರವಿಲ್ಲದೆ, ನಕ್ಷೆ ಮತ್ತು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ನಾನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಮಾನ ಬಾಂಬರ್ ಆಗಿಯೂ ಕೆಲಸ ಮಾಡಿತ್ತು. 1940ರ ಅಕ್ಟೋಬರ್‌ನಲ್ಲಿ ರೋಡ್ಸ್ ದ್ವೀಪದಿಂದ ಹೊರಟ ನಾಲ್ಕು ಎಸ್‌ಎಂ.82ಗಳು ಬಹ್ರೇನಿನ ತೈಲ ನೆಲೆಯ ಮೇಲೆ ದಾಳಿಗೆ ಹೋಗಿ, ಎರಿಟ್ರಿಯದಲ್ಲಿ ಇಳಿದಿದ್ದವು. ಆದರೆ ನನ್ನನ್ನು ಸೆಳೆದದ್ದು ಸಾಗಣೆಯ ಕಥೆ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದೊಡನೆ ಸೂಯೆಜ್ ಕಾಲುವೆಯ ದಾರಿ ಮುಚ್ಚಿಹೋಗಿ, ಎರಿಟ್ರಿಯ ಮತ್ತು ಇಥಿಯೋಪಿಯಗಳಲ್ಲಿದ್ದ ಅದರ ಸೇನೆ ತಾಯ್ನಾಡಿನಿಂದ ಕಡಿದುಕೊಂಡಿತು. ಅಷ್ಟು ದೂರ ತಾವೇ ಹಾರಿಹೋಗಲಾರದ ಫಿಯಟ್ ಸಿಆರ್.42 ಯುದ್ಧವಿಮಾನಗಳನ್ನು ಆಗ ಬಿಡಿಭಾಗಗಳಾಗಿ ಕಳಚಿ, ಎಸ್‌ಎಂ.82ರ ಒಡಲಲ್ಲಿಟ್ಟು ಸಾಗಿಸಿದರು. ಹೀಗೆ ಪೂರ್ವ ಆಫ್ರಿಕ ತಲುಪಿದವು ಸುಮಾರು 50. ಭಾರತದ 4 ಮತ್ತು 5ನೇ ಡಿವಿಷನ್‌ಗಳು 1941ರಲ್ಲಿ ಎರಿಟ್ರಿಯದ ಕೆರೆನ್‌ನಲ್ಲಿ ಹೋರಾಡಿದ್ದು ಇದೇ ರಂಗದಲ್ಲಿ. ಆದ್ದರಿಂದ ಈ ಸಾಗಣೆ ನಮ್ಮ ಸೈನಿಕರ ಚರಿತ್ರೆಗೂ ಹೊರತಾದುದಲ್ಲ. ಹೊಟ್ಟೆಯ ಬಾಗಿಲು ತೆರೆದಿರುವ ವಿಮಾನ, ಅದರ ಪಕ್ಕದಲ್ಲಿ ಕಳಚಿಟ್ಟ ಸಿಆರ್.42: ನಾನು ತೋರಿಸಬೇಕೆಂದುಕೊಂಡದ್ದು ಇಷ್ಟು.

ಮೂಲ ವಿಮಾನದ ರೆಕ್ಕೆಯ ಹರವು 29.68 ಮೀಟರ್, ಅಂದರೆ ಮಾದರಿಯಲ್ಲಿ 41.2 ಸೆಂಟಿಮೀಟರ್; ಉದ್ದ ಸುಮಾರು 32 ಸೆಂಟಿಮೀಟರ್. ಒಡಲಿಗೆ ಮೊದಲು ಶಿವನಿ ಮರದಲ್ಲಿ ಎಡ ಬಲ ಎರಡು ಅಚ್ಚುಗಳನ್ನು ಕೆತ್ತಿ, ಕಾಯಿಸಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಅವುಗಳ ಮೇಲೆ ಹಾಸಿ, ಕೆಳಗಿನಿಂದ ವ್ಯಾಕ್ಯೂಮ್ ಕ್ಲೀನರ್‌ನಿಂದ ಗಾಳಿ ಎಳೆದು ಚಿಪ್ಪುಗಳನ್ನು ತೆಗೆದೆ. ಇಲ್ಲಿ ನನ್ನಿಂದ ದೊಡ್ಡ ತಪ್ಪೊಂದು ಆಯಿತು. ಅಚ್ಚನ್ನು ನಕ್ಷೆಯ ಅಳತೆಗೆ ಸರಿಯಾಗಿ ಕೆತ್ತಿದ್ದೆನೇ ಹೊರತು, ಮೇಲೆ ಬರುವ ಹಾಳೆಯ ದಪ್ಪವನ್ನು ಕಳೆದಿರಲಿಲ್ಲ. ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಸೇರಿದರೆ ಮೂಲ ವಿಮಾನದಲ್ಲಿ ಅದು 14.4 ಸೆಂಟಿಮೀಟರ್ ಆಗುತ್ತದೆ, ಮತ್ತು ಮೂತಿಯ ಎಂಜಿನ್ ಕವಚದೊಡನೆ ಒಡಲು ಕೂಡುವ ಕಡೆ ಆ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪುಟ್ಟಿ ಹಚ್ಚಿ ಮರೆಮಾಡಲು ಮನಸ್ಸೊಪ್ಪಲಿಲ್ಲ. ಅಚ್ಚನ್ನು ಉಪ್ಪುಕಾಗದದಿಂದ ಸುತ್ತಲೂ ಸಮನಾಗಿ ಸವೆಸಿ, ಚಿಪ್ಪುಗಳನ್ನು ಮತ್ತೆ ಎಳೆದೆ.

ಮೂಲ ವಿಮಾನದ ಒಡಲಿನ ಚೌಕಟ್ಟು ಉಕ್ಕಿನ ಕೊಳವೆಗಳದ್ದು. ತೆರೆದ ಬಾಗಿಲಿನಿಂದ ಅದು ಕಾಣಲೇಬೇಕಾದ್ದರಿಂದ, ಬಾಗಿಲಿನ ಸುತ್ತಲಿನ ಭಾಗಕ್ಕೆ ಮಾತ್ರ 0.5 ಮಿಲಿಮೀಟರ್‌ನ ಹಿತ್ತಾಳೆ ತಂತಿಯಿಂದ ಚೌಕಟ್ಟು ಬೆಸೆದೆ. 72 ಪಟ್ಟು ಹಿಗ್ಗಿಸಿದರೆ ಅದು 36 ಮಿಲಿಮೀಟರ್ ಕೊಳವೆಯಾಗುತ್ತದೆ, ನಂಬುವಂತಿರುತ್ತದೆ. ಒಂದು ಮಿಲಿಮೀಟರ್ ತಂತಿ ಬಳಸಿದ್ದರೆ ಸೇತುವೆಯ ಕಂಬಗಳಂತೆ ಕಾಣುತ್ತಿತ್ತು. ತಂತಿಗಳನ್ನು ಮರದ ಹಲಗೆಯ ಮೇಲೆ ಮೊಳೆ ಹೊಡೆದ ಪಡಿಯಚ್ಚಿನಲ್ಲಿ ಹಿಡಿದಿಟ್ಟು, ಒಂದು ಸಂದು ಬೆಸೆಯುವಾಗ ಪಕ್ಕದ್ದು ಬಿಚ್ಚಿಕೊಳ್ಳದಂತೆ ಅದರ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡೆ.

ರೆಕ್ಕೆಯ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಎಸ್‌ಎಂ.82ರ ರೆಕ್ಕೆ ಮರದ್ದು, ಅದರ ಹೊದಿಕೆ ಪ್ಲೈವುಡ್. ಲೋಹದ ತಗಡುಗಳ ಸಂದುಗೆರೆಗಳು ಅದರ ಮೇಲೆ ಇರಲು ಕಾರಣವೇ ಇಲ್ಲ. ಅಭ್ಯಾಸಬಲದಿಂದ ಗೆರೆ ಕೊರೆದರೆ ಅದು ಬೇರೆ ಯಾವುದೋ ವಿಮಾನವಾಗಿಬಿಡುತ್ತದೆ. ಹೀಗಾಗಿ ರೆಕ್ಕೆಯನ್ನು ಮರದಲ್ಲಿಯೇ ಮಾಡಿದೆ. ಬೆಂಗಳೂರಿನ ಮಳೆಗಾಲದಲ್ಲಿ ತೆಳುವಾದ ಹಲಗೆ ಡೊಂಕಾಗುತ್ತದೆಂಬ ಭಯದಿಂದ, ಎರಡು ತೆಳು ಹಲಗೆಗಳನ್ನು ಅವುಗಳ ಸಹಜ ಬಾಗು ಎದುರುಬದುರಾಗುವಂತೆ ಅಂಟಿಸಿ, ಒಣಗಿದ ಮೇಲೆ ಕೀಸಿ, ಸೀಲರ್ ಹಚ್ಚಿ ಉಜ್ಜುವುದನ್ನು ಮರದ ಎಳೆ ಸಂಪೂರ್ಣ ಮುಚ್ಚುವವರೆಗೆ ಮಾಡಿದೆ. ಅಲುಗಾಡುವ ಪಟ್ಟಿಗಳು ರೆಕ್ಕೆಯೊಡನೆ ಸೇರುವ ಗೆರೆಗಳನ್ನಷ್ಟೇ ಕೊರೆದೆ.

ಒಡಲಿನ ಹಿಂಭಾಗದ ಬಟ್ಟೆಯ ಹೊದಿಕೆಗೆ ಬೇರೆಯೇ ಉಪಾಯ ಬೇಕಾಯಿತು. ಬಟ್ಟೆಯ ಕೆಳಗಿನ ಪಟ್ಟಿಗಳು ತೋರುವ ಕಡೆ ಮಾತ್ರ ಸಣ್ಣ ಸಂದು ಬಿಟ್ಟು ಉಳಿದುದಕ್ಕೆ ಟೇಪ್ ಅಂಟಿಸಿ, ದಪ್ಪನೆಯ ಪ್ರೈಮರ್ ಎರಡು ಸಲ ಹೊಡೆದು, ಟೇಪ್ ಕಿತ್ತು, ಉಳಿದ ಏಣುಗಳನ್ನು 1000 ಅಂಕೆಯ ಉಪ್ಪುಕಾಗದದಿಂದ ನೀರು ಹಾಕಿ ಮೆಲ್ಲಗೆ ಉಜ್ಜಿದೆ. ಬೆರಳಿಗೆ ತಾಗದೆ, ಓರೆ ಬೆಳಕಿಗೆ ಮಾತ್ರ ಕಾಣುವಷ್ಟು ಉಳಿದರೆ ಸಾಕು.

ಸಿಆರ್.42ಕ್ಕೆ ಇಟಲೇರಿ ಕಂಪನಿಯ 1:72 ಕಿಟ್ ಬಳಸಿದೆ. ಅದರ ರೆಕ್ಕೆಗಳನ್ನು ಜೋಡಿಸದೆ ಬಿಡುವುದು ಸುಲಭ; ಆದರೆ ಕಳಚಿದ ವಿಮಾನದಲ್ಲಿ ಜೋಡಣೆಯ ತುದಿಗಳೆಲ್ಲ ಬಯಲಾಗುವುದರಿಂದ, ಕಿಟ್ಟಿನಲ್ಲಿ ಇಲ್ಲದ ಆ ತುದಿಗಳನ್ನೆಲ್ಲ ತಗಡು ಮತ್ತು ತಂತಿಯಿಂದ ಮಾಡಬೇಕಾಯಿತು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟ ಭಾಗ ಇದೇ.

ಬಣ್ಣಕ್ಕೆ ಯುದ್ಧದ ಆರಂಭಕಾಲದ ಕ್ರಮವನ್ನು ಆರಿಸಿಕೊಂಡೆ: ಮೇಲೆ ಮರಳಿನಂಥ ಹಳದಿ, ಅದರ ಮೇಲೆ ಹಸಿರು ಮಚ್ಚೆಗಳು, ಕೆಳಗೆ ಬೂದು, ಒಡಲಿನ ಸುತ್ತ ಬಿಳಿಯ ಪಟ್ಟಿ, ಬಾಲದ ಮೇಲೆ ಸವೋಯ್ ರಾಜಮನೆತನದ ಬಿಳಿ ಶಿಲುಬೆ. ಜುಲೈ ತಿಂಗಳ ಒಂದು ಸಂಜೆ ಲ್ಯಾಕರ್ ಹೊಡೆದಾಗ ಗಾಳಿಯ ತೇವಕ್ಕೆ ಹಳದಿಯೆಲ್ಲ ಬೂಷ್ಟು ಹಿಡಿದಂತೆ ಬೆಳ್ಳಗಾಯಿತು. ನಿಧಾನವಾಗಿ ಒಣಗುವ ತಿನ್ನರ್ ಅನ್ನು ತೆಳುವಾಗಿ ಸಿಂಪಡಿಸಿದ ಮೇಲೆ ಬಹುಪಾಲು ಬಿಳಿ ಹೋಯಿತು. ಉಳಿದ ಜಾಗವನ್ನು ಉಜ್ಜಿ, ಬಿಸಿಲು ಬಂದ ದಿನಕ್ಕಾಗಿ ಕಾದೆ. ಮಚ್ಚೆಗಳನ್ನು 0.2 ಮಿಲಿಮೀಟರ್ ಮೂತಿಯ ಏರ್‌ಬ್ರಷ್‌ನಿಂದ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಸಾಧನದಿಂದ), ಬಣ್ಣವನ್ನು ಹಾಲಿಗಿಂತ ತೆಳ್ಳಗೆ ಕಲಸಿ, ಒತ್ತಡ ತಗ್ಗಿಸಿ, ಮೇಲ್ಮೈಗೆ ತೀರ ಹತ್ತಿರದಿಂದ ಹೊಡೆದೆ. ಪ್ರತಿ ಹತ್ತು ಮಚ್ಚೆಗೊಮ್ಮೆ ಸೂಜಿಯ ತುದಿಯನ್ನು ಒರೆಸದಿದ್ದರೆ ಬಣ್ಣ ಚಿಮ್ಮುತ್ತದೆ.

ರೋಮಿನ ಉತ್ತರಕ್ಕೆ, ಬ್ರಾಚ್ಚಾನೊ ಸರೋವರದ ದಡದ ವಿಗ್ನಾ ದಿ ವಾಲ್ಲೆಯಲ್ಲಿರುವ ಇಟಲಿಯ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಎಸ್‌ಎಂ.82 ಉಳಿದಿದೆ. ಅದರ ಚಿತ್ರಗಳನ್ನು ಮಾದರಿಯ ಪಕ್ಕದಲ್ಲಿಟ್ಟು ನೋಡುವಾಗ, ನನ್ನ ಹಿಂಬದಿಯ ಗಾಲಿ ತುಸು ಎತ್ತರವಾಗಿರುವುದು ಕಂಡುಬಂತು. ಅದನ್ನು ಕಳೆದ ವಾರ ಬಿಚ್ಚಿ, ಕಾಲನ್ನು ಅರದಿಂದ ಅರ್ಧ ಮಿಲಿಮೀಟರ್ ತಗ್ಗಿಸಿ ಮತ್ತೆ ಕೂರಿಸಿದ್ದೇನೆ.